ಒಗರಿನ ಲೆಕ್ಕ: ಕೆಂಪು ವೈನ್ ಪೀಪಾಯಿಯ ಸಿಂಗಲ್ ಮಾಲ್ಟ್ ಸವಿಯುವ ಬಗೆ

ಮಿರಗದ ಮಳೆ ಬಿದ್ದು ಎರಡು ವಾರ ಕಳೆದರೆ ಬೀದರ್ ಜಿಲ್ಲೆಯ ಔರಾದ್, ಡಾಬಕಾ ಕಡೆ ನೇರಳೆ ಹಣ್ಣಿನ ಬುಟ್ಟಿಗಳು ಇಳಿಯುತ್ತವೆ. ಹಣ್ಣು ಬಾಯಿಗಿಟ್ಟೊಡನೆ ಸಿಹಿ, ಅದರ ಬೆನ್ನಿಗೇ ಸಣ್ಣ ಹುಳಿ, ಕೊನೆಗೆ ನಾಲಿಗೆಯನ್ನೂ ಕೆನ್ನೆಯ ಒಳಭಾಗವನ್ನೂ ಹಿಡಿದೆಳೆಯುವ ಒಗರು. ಬೀಜ ಉಗುಳಿದ ಮೇಲೂ ಆ ಒಗರು ಬಾಯಲ್ಲಿ ನಿಲ್ಲುತ್ತದೆ. ಕೆಂಪು ವೈನ್ ಇದ್ದ ಪೀಪಾಯಿಯಲ್ಲಿ ಕೊನೆಯ ಕೆಲವು ತಿಂಗಳು ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಯೂ ಹೆಚ್ಚುಕಡಿಮೆ ಇದೇ ಹಾದಿ ಹಿಡಿಯುತ್ತದೆ. ಅದನ್ನು ಸವಿದು ಗುಣ ತಿಳಿಯುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಒಗರಿನ ಲೆಕ್ಕ: ಎಷ್ಟಿದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದು ಇಳಿದ ಮೇಲೆ ಏನು ಉಳಿಯುತ್ತದೆ.

ಇಂಥ ವಿಸ್ಕಿಯ ಡಬ್ಬಿಯ ಮೇಲೆ ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಎಂದೆಲ್ಲ ಬರೆದಿರುತ್ತದೆ. ಆ ಹಣ್ಣುಗಳನ್ನು ನಮ್ಮ ಕಡೆ ತಿಂದವರು ಕಡಿಮೆ. ಅದರಿಂದ ಅಳುಕಬೇಕಾಗಿಲ್ಲ. ನೇರಳೆ, ಬಾರೆ, ಕವಳಿ ತಿಂದು ಬೆಳೆದ ನಾಲಿಗೆಗೆ ಈ ವಿಸ್ಕಿಯ ಪಾಠ ಅರ್ಧ ಬಂದೇ ಇದೆ. ಉಳಿದರ್ಧವನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ. ಈ ಮಾತು 21 ವರ್ಷ ದಾಟಿ, ಈಗಾಗಲೇ ಕುಡಿಯುವ ಅಭ್ಯಾಸ ಇರುವವರಿಗೆ. ಕುಡಿಯದವರು ಇದನ್ನೋದಿ ಶುರುಮಾಡಬೇಕಾದ್ದು ಏನೂ ಇಲ್ಲ. ಕುಡಿಯುವವರು ಕಡಿಮೆ ಕುಡಿದು ಹೆಚ್ಚು ತಿಳಿಯಲಿ ಎಂಬುದಷ್ಟೇ ಆಸೆ.

ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ನಮ್ಮಲ್ಲಿ ಯಾವ ಮದ್ಯದಂಗಡಿಗೂ ವೈನ್ ಶಾಪ್ ಎಂದೇ ಹೆಸರು. ಹಾಗಾಗಿ ವೈನ್ ಎಂದರೆ ಏನು ಎಂಬುದೇ ಮಸುಕಾಗಿದೆ. ವೈನ್ ಎಂದರೆ ದ್ರಾಕ್ಷಿ ರಸವನ್ನು ಹುದುಗಿಸಿದ್ದು, ಭಟ್ಟಿ ಇಳಿಸಿದ್ದಲ್ಲ. ಕೆಂಪು ವೈನಿಗೆ ಕಪ್ಪು ದ್ರಾಕ್ಷಿಯನ್ನು ಸಿಪ್ಪೆ, ಬೀಜ ಸಮೇತ ಹುದುಗಿಸುತ್ತಾರೆ. ಬಣ್ಣ ಸಿಪ್ಪೆಯಿಂದ ಬರುತ್ತದೆ, ಒಗರು ಸಿಪ್ಪೆ ಮತ್ತು ಬೀಜದಿಂದ. ಈ ಒಗರಿಗೆ ಕಾರಣವಾದ ವಸ್ತು ಟ್ಯಾನಿನ್. ಅಡಿಕೆ, ಚಹಾ, ನೇರಳೆಯಲ್ಲಿ ಇರುವುದೂ ಅದೇ ಬಳಗದ್ದು. ಕರ್ನಾಟಕದಲ್ಲಿಯೇ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆ 1988ರಲ್ಲಿ ಶುರುವಾಗಿ ಕೆಬರ್ನೆ ಸೊವಿನ್ಯೋನ್, ಶಿರಾಜ್ ಜಾತಿಯ ದ್ರಾಕ್ಷಿಯಿಂದ ಕೆಂಪು ವೈನ್ ಮಾಡುತ್ತ ಬಂದಿದೆ.

ವಿಸ್ಕಿಯ ವಿಷಯ ಬೇರೆ. ಬೀದರ್ ಜಿಲ್ಲೆಯ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗಿ ಸಕ್ಕರೆ ತೆಗೆದಾದ ಮೇಲೆ ಕಾಕಂಬಿ ಉಳಿಯುತ್ತದಲ್ಲ, ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹುಪಾಲು ಇಂಥ ಕಾಕಂಬಿಯ ಅಥವಾ ಧಾನ್ಯದ ಸ್ಪಿರಿಟ್‌ಗೆ ಒಂದಿಷ್ಟು ಮಾಲ್ಟ್ ಸ್ಪಿರಿಟ್ ಬೆರೆಸಿ ತಯಾರಾದವು. ಸಿಂಗಲ್ ಮಾಲ್ಟ್ ಹಾಗಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದನ್ನೇ ಹುದುಗಿಸಿ, ಒಂದೇ ಡಿಸ್ಟಿಲರಿಯಲ್ಲಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿಸಿದ್ದು. ಇಲ್ಲಿ ಸಿಂಗಲ್ ಎಂದರೆ ಒಂದೇ ಡಿಸ್ಟಿಲರಿ ಎಂದರ್ಥ, ಒಂದೇ ಪೀಪಾಯಿ ಎಂದಲ್ಲ.

ಎರಡನೇ ಪೀಪಾಯಿಯ ಕೆಲಸ

ಭಟ್ಟಿಯಿಂದ ಇಳಿದಾಗ ವಿಸ್ಕಿಗೆ ನೀರಿನದೇ ಬಣ್ಣ. ಕಂದು ಬಣ್ಣ, ವೆನಿಲ್ಲಾ ಪರಿಮಳ, ಕೊಬ್ಬರಿಯ ಎಳೆ ಇವೆಲ್ಲ ಮರದಿಂದ ಬರುವಂಥವು. ಸಾಮಾನ್ಯವಾಗಿ ಮೊದಲು ತುಂಬುವುದು ಅಮೆರಿಕದ ಬರ್ಬನ್ ವಿಸ್ಕಿ ಇದ್ದ ಸುಮಾರು 200 ಲೀಟರಿನ ಪೀಪಾಯಿಗೆ. ಅಮೆರಿಕದ ಕಾನೂನಿನಂತೆ ಬರ್ಬನ್‌ಗೆ ಪ್ರತಿ ಸಲವೂ ಹೊಸ, ಒಳಗೆ ಸುಟ್ಟ ಓಕ್ ಪೀಪಾಯಿಯೇ ಬೇಕು. ಅಲ್ಲಿ ಒಮ್ಮೆ ಬಳಸಿದ ಪೀಪಾಯಿ ಪ್ರಪಂಚದ ಬೇರೆ ಡಿಸ್ಟಿಲರಿಗಳಿಗೆ ಹೋಗುತ್ತದೆ.

ಬರ್ಬನ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯನ್ನು ತೆಗೆದು, ಕೆಂಪು ವೈನ್ ಇದ್ದ ಇನ್ನೊಂದು ಪೀಪಾಯಿಗೆ ಸುರಿದು ಕೆಲವು ತಿಂಗಳಿಂದ ಒಂದೆರಡು ವರ್ಷದ ತನಕ ಬಿಡುವುದಕ್ಕೆ ಫಿನಿಶ್ ಎನ್ನುತ್ತಾರೆ. ಬೋರ್ಡೊ ಕಡೆಯ ವೈನ್ ಪೀಪಾಯಿ 225 ಲೀಟರಿನದು. ಅದರ ಹಲಗೆಗಳು ವೈನನ್ನು ಹೀರಿಕೊಂಡಿರುತ್ತವೆ. ಫ್ರಾನ್ಸಿನ ಓಕ್ ಮರದಲ್ಲಿ ಅಮೆರಿಕದ ಓಕ್‌ಗಿಂತ ಟ್ಯಾನಿನ್ ಹೆಚ್ಚು. ಹೀಗೆ ವೈನಿನ ಒಗರು, ಮರದ ಒಗರು ಎರಡೂ ವಿಸ್ಕಿಗೆ ಇಳಿಯುತ್ತವೆ. ಅದಕ್ಕೇ ಕೈ ಹಿಡಿದು ಮಾಡಬೇಕಾದ ಕೆಲಸ ಇದು.

1980ರ ದಶಕದಲ್ಲಿ ಸ್ಕಾಟ್ಲೆಂಡಿನ ಬಾಲ್ವೆನಿ ಡಿಸ್ಟಿಲರಿಯ ಡೇವಿಡ್ ಸ್ಟೂವರ್ಟ್ ಎರಡು ಪೀಪಾಯಿಗಳ ಈ ಕ್ರಮವನ್ನು ರೂಢಿಗೆ ತಂದರು. 1990ರ ದಶಕದಲ್ಲಿ ಗ್ಲೆನ್‌ಮೊರಾಂಜಿ ಪೋರ್ಟ್ ವೈನ್ ಪೀಪಾಯಿಯ ಫಿನಿಶ್ ತಂದಿತು. ಬಳಿಕ ಜಿಮ್ ಸ್ವಾನ್ ಎಂಬ ತಜ್ಞರು ಹಳೆಯ ಕೆಂಪು ವೈನ್ ಪೀಪಾಯಿಯ ಒಳಪದರವನ್ನು ಕೆತ್ತಿ, ಹದವಾಗಿ ಕಾಯಿಸಿ, ಮತ್ತೆ ಸುಡುವ ವಿಧಾನವನ್ನು ಹರಡಿದರು. ಇದರಿಂದ ಹುಳಿತ ಮೇಲ್ಪದರ ಹೋಗಿ, ಒಳಗಿಳಿದ ಹಣ್ಣಿನ ಗುಣ ಮಾತ್ರ ಉಳಿಯುತ್ತದೆ. ಅವರ ಸಲಹೆಯಲ್ಲಿ ಬೆಳೆದ ತೈವಾನಿನ ಕವಲಾನ್ ಡಿಸ್ಟಿಲರಿಯ ವೈನ್ ಪೀಪಾಯಿಯ ವಿಸ್ಕಿ, ಸಾಲಿಸ್ಟ್ ವಿನ್ಯೋ ಬಾರಿಕ್, 2015ರಲ್ಲಿ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನಿಸಿತು. ಸೆಕೆಯ ನಾಡಿನಲ್ಲೂ ಒಳ್ಳೆಯ ವಿಸ್ಕಿ ಮಾಗುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮದೇ ರಾಜ್ಯದ ಉದಾಹರಣೆ

ಅದಕ್ಕಿಂತ ಹಿಂದಿನ ಸಾಕ್ಷಿ ಬೆಂಗಳೂರಿನಲ್ಲಿಯೇ ಇದೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಅಮೃತ್ ಡಿಸ್ಟಿಲರೀಸ್, ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಬಿಡುಗಡೆ ಮಾಡಿತು. ವಿಸ್ಕಿಯ ತವರಿಗೇ ಹೋಗಿ ಮಾರುವ ಎದೆಗಾರಿಕೆ ಅದು. 2010ರ ಆವೃತ್ತಿಯ ತಮ್ಮ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರೆ, ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿಟ್ಟರು.

ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿದೆ. ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 10ರಿಂದ 12ರಷ್ಟು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹೋಗುವುದು ಶೇ 2ರಷ್ಟು. ಬಿಸಿ ಹೆಚ್ಚಾದಷ್ಟೂ ಮರ ಬೇಗ ಬಿಟ್ಟುಕೊಡುತ್ತದೆ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ಹಿಡಿಯುವ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷದಲ್ಲಿ ಆಗುತ್ತದೆ. ಅಂದಮೇಲೆ ವೈನ್ ಪೀಪಾಯಿಯಲ್ಲಿ ಒಂದೆರಡು ತಿಂಗಳು ಹೆಚ್ಚಾದರೂ ಒಗರು ಕೈಮೀರುವ ಅಪಾಯ ಇಲ್ಲೇ ಜಾಸ್ತಿ.

ಈ ಅಪಾಯಕ್ಕೆ ಅಮೃತ್ ಕಂಡುಕೊಂಡ ಉಪಾಯವನ್ನು 2011ರ ಪೋರ್ಟೊನೋವಾದಲ್ಲಿ ನೋಡಬಹುದು. ಪೋರ್ಟ್ ಎಂದರೆ ಪೋರ್ಚುಗಲ್‌ನ ಸಿಹಿ ಕೆಂಪು ವೈನ್. ಅದು ಪೂರ್ತಿ ಹುದುಗುವ ಮೊದಲೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಸಿಹಿ ಉಳಿಸಿರುತ್ತಾರೆ. ಪೋರ್ಟೊನೋವಾ ಮೊದಲು ಹೊಸ ಓಕ್ ಮತ್ತು ಬರ್ಬನ್ ಪೀಪಾಯಿಗಳಲ್ಲಿ ಮಾಗಿ, ನಡುವೆ ಪೋರ್ಟ್ ಪೀಪಾಯಿಗೆ ಹೋಗಿ, ಕೊನೆಗೆ ಮತ್ತೆ ಬರ್ಬನ್ ಪೀಪಾಯಿಗೇ ಮರಳಿ ಬರುತ್ತದೆ. ವೈನಿನ ಬಣ್ಣ, ಹಣ್ಣು ಹಿಡಿದ ಮೇಲೆ ಅದರ ಉರುಬನ್ನು ತಗ್ಗಿಸಲು ಈ ಮರುಪ್ರಯಾಣ. ಅದರ ಬಲ, ಅಂದರೆ ಮದ್ಯಸಾರದ ಪ್ರಮಾಣ, ಶೇ 62.1. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿಯ ಬಲ ಶೇ 42.8. ಇಷ್ಟು ವ್ಯತ್ಯಾಸವಿದ್ದಾಗ ನೀರು ಬೆರೆಸುವ ಹದ ತಿಳಿಯದೆ ಸವಿ ತಿಳಿಯದು. ಹರಿಯಾಣದ ಕರ್ನಾಲ್ ಜಿಲ್ಲೆಯ ಇಂದ್ರಿ ತ್ರಿನಿಯೂ ಈ ಬಳಗಕ್ಕೆ ಹತ್ತಿರದ್ದು. 2021ರಲ್ಲಿ ಬಂದ ಆ ವಿಸ್ಕಿಯಲ್ಲಿ ಬರ್ಬನ್, ಫ್ರೆಂಚ್ ವೈನ್, ಶೆರಿ ವೈನ್ ಹೀಗೆ ಮೂರು ಬಗೆಯ ಪೀಪಾಯಿಗಳ ಪಾಲಿದೆ. ಬಲ ಶೇ 46.

ಕೊಳ್ಳುವಾಗ ನೋಡಬೇಕಾದ್ದು

ಲೇಬಲ್ ನಿಧಾನವಾಗಿ ಓದಿ. ಸಿಂಗಲ್ ಮಾಲ್ಟ್ ಎಂಬ ಎರಡೂ ಪದ ಒಟ್ಟಿಗೆ ಇರಬೇಕು. ಫಿನಿಶ್ ಎಂದಿದ್ದರೆ ವೈನ್ ಪೀಪಾಯಿಯಲ್ಲಿ ಕೊನೆಯ ಸ್ವಲ್ಪ ಕಾಲ, ಮೆಚ್ಯೂರ್ಡ್ ಎಂದಿದ್ದರೆ ಬಹುಕಾಲ ಇದ್ದದ್ದು ಎಂದು ಸಾಮಾನ್ಯವಾಗಿ ತಿಳಿಯಬಹುದು. ಬಣ್ಣ ನೋಡಿ ಮರುಳಾಗಬೇಡಿ. ಕ್ಯಾರಮೆಲ್ ಬಣ್ಣ ಬೆರೆಸಲು ಅವಕಾಶ ಇದೆ. ನ್ಯಾಚುರಲ್ ಕಲರ್ ಎಂದು ಬರೆದಿದ್ದರೆ ಮಾತ್ರ ಆ ಕೆಂಪು ಛಾಯೆ ಪೀಪಾಯಿಯದೆಂದು ನಂಬಿ. ನಾನ್ ಚಿಲ್ ಫಿಲ್ಟರ್ಡ್ ಎಂದಿದ್ದರೆ ನೀರು ಬಿದ್ದಾಗ ವಿಸ್ಕಿ ಕೊಂಚ ಮಂಜಾಗಬಹುದು. ಅದು ಕಲಬೆರಕೆ ಅಲ್ಲ, ಸೋಸದೆ ಉಳಿಸಿದ ಎಣ್ಣೆಯಂಶ.

ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡು ಬಿಲ್ ಪಡೆಯಿರಿ. ಮುಚ್ಚಳದ ಮೇಲಿನ ಅಬಕಾರಿ ಚೀಟಿ ಹರಿದಿಲ್ಲವೆಂದು ನೋಡಿ. ದುಬಾರಿ ಬಾಟಲಿಗೆ ಅಗ್ಗದ ಮಾಲು ತುಂಬಿ ಮಾರುವವರು ಇರುವುದರಿಂದ ಖಾಲಿ ಬಾಟಲಿಯನ್ನು ಲೇಬಲ್ ಕಿತ್ತು ಗುಜರಿಗೆ ಹಾಕಿ. ಡಾಬಕಾ ಕಡೆಯಿಂದ ಮಹಾರಾಷ್ಟ್ರ ಹತ್ತಿರ, ಬೀದರಿನಿಂದ ತೆಲಂಗಾಣ ಹತ್ತಿರ. ಮದ್ಯದ ತೆರಿಗೆ, ಕಾನೂನು ಮೂರೂ ಕಡೆ ಬೇರೆ ಬೇರೆ. ಬೆಲೆ ಕಡಿಮೆ ಎಂದು ಗಡಿ ದಾಟಿಸಿ ತಂದ ಬಾಟಲಿ ಅಬಕಾರಿ ಪ್ರಕರಣಕ್ಕೆ ದಾರಿಯಾದೀತು. ಕರ್ನಾಟಕದಲ್ಲಿ ಕೊಳ್ಳಲು 21 ವರ್ಷ ಆಗಿರಬೇಕು. ಮಹಾರಾಷ್ಟ್ರದಲ್ಲಿ ವಿಸ್ಕಿಯಂಥ ಮದ್ಯಕ್ಕೆ 25.

ಒಬ್ಬರೇ ಪೂರ್ತಿ ಬಾಟಲಿ ಕೊಳ್ಳುವ ಬದಲು ನಾಲ್ಕೈದು ಗೆಳೆಯರು ಸೇರಿ ಕೊಳ್ಳುವುದು ಜಾಣತನ. ಖರ್ಚೂ ಹಂಚಿಹೋಗುತ್ತದೆ, ಕುಡಿಯುವ ಪ್ರಮಾಣವೂ ಹತೋಟಿಯಲ್ಲಿರುತ್ತದೆ.

ನಮ್ಮ ಬಿಸಿಲಿಗೆ ತಕ್ಕ ಸಿದ್ಧತೆ

ಪುಸ್ತಕಗಳು ವಿಸ್ಕಿಯನ್ನು ಕೋಣೆಯ ತಾಪದಲ್ಲಿ ಸವಿಯಿರಿ ಎನ್ನುತ್ತವೆ. ಅದು ಚಳಿದೇಶದ ಕೋಣೆ, 18ರಿಂದ 20 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೆ 40 ಡಿಗ್ರಿ ದಾಟಿದರೆ, ತಗಡಿನ ಮಾಳಿಗೆಯ ಕೋಣೆಯಲ್ಲಿ ಸಂಜೆಯೂ ಧಗೆ ಇಳಿಯುವುದಿಲ್ಲ. ಆ ಬಿಸಿಗೆ ಮದ್ಯಸಾರವೇ ಮೊದಲು ಆವಿಯಾಗಿ ಮೂಗಿಗೆ ಬಡಿಯುತ್ತದೆ, ಹಣ್ಣಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿವರೆಗಿನ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲೇ ಸವಿಯುವುದಾದರೆ ಮುಚ್ಚಿದ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಹರವಿಯ ಪಕ್ಕ ಒಂದು ತಾಸು ಇಡಿ. ಲೋಟಕ್ಕೆ ಐಸ್ ಹಾಕಬೇಡಿ. ಅತಿ ತಂಪಿಗೆ ಪರಿಮಳ ಮುದುಡುತ್ತದೆ, ಒಗರು ಮಾತ್ರ ಇನ್ನಷ್ಟು ಗಡುಸಾಗುತ್ತದೆ.

ನೀರು ಎರಡನೇ ವಿಷಯ. ಕೊಳವೆಬಾವಿಯ ಗಡಸು ನೀರು ಬೆರೆಸಿದರೆ ರುಚಿ ಕೆಡುತ್ತದೆ. ಶುದ್ಧೀಕರಿಸಿದ ನೀರೋ, ಕಾಯಿಸಿ ಆರಿಸಿದ ಸಿಹಿನೀರೋ ಇರಲಿ. ಸೋಡಾ, ಕೋಲಾ ಬೇಡವೇ ಬೇಡ.

ಲೋಟ ಗಾಜಿನದೇ ಆಗಿರಲಿ. ಹೊಟ್ಟೆ ಅಗಲ, ಬಾಯಿ ಕಿರಿದು ಇದ್ದರೆ ಪರಿಮಳ ಒಳಗೆ ನಿಲ್ಲುತ್ತದೆ. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣದು. ಪಾತ್ರೆ ತೊಳೆಯುವ ಸೋಪಿನ ವಾಸನೆ ಉಳಿಯದಂತೆ ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ. ಅಳತೆಗೆ ಕೆಮ್ಮಿನ ಔಷಧಿಯ ಜೊತೆ ಬರುವ, ಗೆರೆ ಇರುವ ಮುಚ್ಚಳ ಚೆನ್ನಾಗಿ ತೊಳೆದುಕೊಂಡರೆ ಸಾಕು. ಬಡಿಸಬೇಕಾದ್ದು 15 ಮಿ.ಲೀ. ಮಾತ್ರ, ಅಂದರೆ ಸಣ್ಣ ಪೆಗ್ಗಿನ ಅರ್ಧ.

ಸವಿಯುವ ಒಂದು ತಾಸು ಮೊದಲಿನಿಂದ ಗುಟ್ಕಾ, ಎಲೆಅಡಿಕೆ, ಬೀಡಿ, ಮಿರ್ಚಿ ಭಜಿ ಯಾವುದೂ ಬಾಯಿಗೆ ಹೋಗಬಾರದು. ಕೋಣೆಯಲ್ಲಿ ಊದುಬತ್ತಿ ಉರಿಯುತ್ತಿರಬಾರದು. ಹೊಟ್ಟೆ ಖಾಲಿಯೂ ಇರಬಾರದು. ಪಕ್ಕದಲ್ಲಿ ಒಂದು ತುಂಡು ಜೋಳದ ರೊಟ್ಟಿ ಇಟ್ಟುಕೊಳ್ಳಿ. ಉಪ್ಪು, ಖಾರ ಇಲ್ಲದ ಆ ಸಪ್ಪೆ ರೊಟ್ಟಿ ನಾಲಿಗೆಯನ್ನು ಒರೆಸಿ ಸ್ವಚ್ಛ ಮಾಡುತ್ತದೆ.

ಸವಿಯುವ ಕ್ರಮ

1. ನಾಲಿಗೆಗೆ ಗುರುತು ಹಾಕಿಕೊಡಿ. ಸಕ್ಕರೆ, ಹಾಲು ಇಲ್ಲದ ಕಡಕ್ ಚಹಾದ ಒಂದು ಗುಟುಕು ಕುಡಿಯಿರಿ. ಬಾಯಿ ಒಣಗಿದಂತಾಗುವುದೇ ಒಗರು. ಬಳಿಕ ವಿಜಯಪುರದ ಎರಡು ಒಣದ್ರಾಕ್ಷಿ ಅಗಿಯಿರಿ; ವೈನಿನ ಸಿಹಿಯ ಗುರುತು ಇದು. ನೀರು ಕುಡಿದು ಐದು ನಿಮಿಷ ಬಿಡಿ. ನೇರಳೆಯ ಕಾಲವಾದರೆ ಒಂದು ಹಣ್ಣು ಎರಡೂ ಕೆಲಸ ಮಾಡುತ್ತದೆ.

2. ಬಣ್ಣ ನೋಡಿ. ಬಿಳಿ ಕಾಗದದ ಮುಂದೆ ಲೋಟ ಹಿಡಿಯಿರಿ. ಬರ್ಬನ್ ಪೀಪಾಯಿಯದು ಜೇನಿನ ಬಣ್ಣ, ವೈನ್ ಪೀಪಾಯಿಯದು ತಾಮ್ರಕ್ಕೆ ಅಥವಾ ದಾಳಿಂಬೆ ಸಿಪ್ಪೆಯ ಕೆಂಪಿಗೆ ವಾಲುತ್ತದೆ.

3. ಮೂಸಿ, ಆದರೆ ಅವಸರ ಬೇಡ. ಲೋಟವನ್ನು ಗದ್ದದ ಮಟ್ಟದಿಂದ ನಿಧಾನವಾಗಿ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ, ಆಗ ಮೂಗು ಉರಿಯದು. ಮೊದಲು ಹಣ್ಣು ಹುಡುಕಿ: ನೇರಳೆ, ಒಣದ್ರಾಕ್ಷಿ, ಅಂಜೂರ. ಆಮೇಲೆ ಮರ: ವೆನಿಲ್ಲಾ, ಕೊಬ್ಬರಿ, ದಾಲ್ಚಿನ್ನಿ, ಲವಂಗ. ಕೊನೆಗೆ ಧಾನ್ಯ: ಹುರಿದ ಹಿಟ್ಟು, ಗಾಣದ ಬಿಸಿ ಬೆಲ್ಲ. ಮೂರೂ ಸಿಕ್ಕರೆ ಒಳ್ಳೆಯ ಸೂಚನೆ. ಅನಿಸಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ.

4. ಮೊದಲ ಗುಟುಕು ಬಾಯಿಗೆ ಪರಿಚಯ ಮಾತ್ರ. ಅರ್ಧ ಚಮಚದಷ್ಟು ನಾಲಿಗೆಯ ಮೇಲೆ ಹರಡಿ ನುಂಗಿ. ಖಾರ ಅನಿಸುತ್ತದೆ, ತೀರ್ಪು ಕೊಡಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಗುಟುಕನ್ನು ಹತ್ತು ಎಣಿಸುವವರೆಗೆ ಬಾಯಲ್ಲಿ ತಿರುಗಿಸಿ. ಸಿಹಿ ಎಲ್ಲಿ, ಹುಳಿ ಎಲ್ಲಿ, ಒಗರು ಯಾವಾಗ ಶುರುವಾಯಿತು ಎಂದು ಗಮನಿಸಿ.

5. ನೀರು ಬೆರೆಸಿ. ಶೇ 46ರ ವಿಸ್ಕಿಗೆ ಕೆಲವು ಹನಿಯಿಂದ ಶುರುಮಾಡಿ. ಶೇ 62ರದ್ದಾದರೆ 15 ಮಿ.ಲೀ.ಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಹಾಕಿದರೆ ಬಲ ಶೇ 46ರ ಹತ್ತಿರ ಬರುತ್ತದೆ. ನೀರು ಬೆರೆಸಿದರೆ ವಿಸ್ಕಿಗೆ ಅವಮಾನ ಎಂಬ ಮಾತಿಗೆ ಆಧಾರವಿಲ್ಲ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ, ಬಲ ಇಳಿಸಿದಾಗ ವಿಸ್ಕಿಯ ಪರಿಮಳದ ಒಂದು ಬಗೆಯ ಅಣುಗಳು ದ್ರವದ ಮೇಲ್ಭಾಗಕ್ಕೆ ಬಂದು ಸೇರುವುದನ್ನು ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಮೂಗಿಗೆ ಹಣ್ಣು ಸ್ಪಷ್ಟವಾಗುವುದನ್ನು ನೀವೇ ಕಾಣುವಿರಿ.

6. ನುಂಗಿದ ಮೇಲೆ ಕಾಯಿರಿ. ಒಗರು ಇಳಿಯಲು ಎಷ್ಟು ಹೊತ್ತಾಯಿತು ನೋಡಿ. ಅರ್ಧ ನಿಮಿಷದಲ್ಲಿ ಇಳಿದು, ಹಿಂದೆ ಬೆಲ್ಲದಂಥ ಸಿಹಿ ಮರಳಿ ಬಂದರೆ ಹದ ಸರಿಯಾಗಿದೆ. ಬಾಯಿ ಒಣಗಿ ನೀರು ಬೇಡುತ್ತಿದ್ದರೆ ವಿಸ್ಕಿ ವೈನ್ ಪೀಪಾಯಿಯಲ್ಲಿ ಹೆಚ್ಚು ದಿನ ಉಳಿದಿದೆ.

ಸಾಧ್ಯವಾದರೆ ಅದೇ ಡಿಸ್ಟಿಲರಿಯ ಬರ್ಬನ್ ಪೀಪಾಯಿಯ ವಿಸ್ಕಿಯನ್ನು ಪಕ್ಕದ ಲೋಟದಲ್ಲಿ 10 ಮಿ.ಲೀ. ಇಟ್ಟು ಹೋಲಿಸಿ. ವೈನ್ ಪೀಪಾಯಿ ಕೊಟ್ಟದ್ದೇನು, ಕಿತ್ತುಕೊಂಡದ್ದೇನು ಎಂಬುದು ಅಷ್ಟು ಬೇಗ ಬೇರಾವ ರೀತಿಯಲ್ಲೂ ತಿಳಿಯದು.

ಕೆಟ್ಟದ್ದರ ಗುರುತು

ಬೆಂಕಿಕಡ್ಡಿ ಗೀರಿದ ವಾಸನೆ, ಸುಟ್ಟ ರಬ್ಬರಿನ ವಾಸನೆ ಬಂದರೆ ಅದು ಗಂಧಕ. ಖಾಲಿ ವೈನ್ ಪೀಪಾಯಿ ಹುಳಿಯದಂತೆ ಒಳಗೆ ಗಂಧಕದ ಬತ್ತಿ ಉರಿಸುವ ರೂಢಿಯಿದೆ. ಅದರ ಅಂಶ ವಿಸ್ಕಿಗೂ ಇಳಿಯಬಹುದು. ಕಾಲು ಗಂಟೆ ಗಾಳಿಗಿಟ್ಟರೂ ಹೋಗದಿದ್ದರೆ ದೋಷವೇ. ವಿನೆಗರ್‌ನ ಚುಚ್ಚುವ ಹುಳಿ ಬಂದರೆ ಪೀಪಾಯಿಯ ವೈನ್ ಕೆಟ್ಟಿತ್ತು ಎಂದರ್ಥ. ಹಸಿ ಬಾಳೆಕಾಯಿ ಸಿಪ್ಪೆ ಕಚ್ಚಿದಂಥ ಒಗರು ಮರ ಅತಿಯಾದದ್ದರ ಗುರುತು. ಜಾಮಿನಂಥ ಸಿಹಿಯೊಂದೇ ಇದ್ದು ಧಾನ್ಯದ ಸುಳಿವೇ ಇಲ್ಲದಿದ್ದರೆ, ವೈನು ವಿಸ್ಕಿಯನ್ನು ನುಂಗಿದೆ.

ಬೀದರಿನವರಿಗೆ ಇದನ್ನು ಬಿದರಿ ಕೆಲಸದಿಂದ ಹೇಳುವುದು ಸುಲಭ. ಬೆಳ್ಳಿಯ ಎಳೆ ಹೊಳೆಯುವುದು ಅದರಡಿಯ ಕಪ್ಪು ನೆಲದ ಬಲದಿಂದ. ನೆಲವೇ ಕಾಣದಂತೆ ಬೆಳ್ಳಿ ಬಡಿದರೆ ಕುಸುರಿ ಕಾಣುವುದಿಲ್ಲ. ವೈನ್ ಪೀಪಾಯಿ ಬೆಳ್ಳಿಯ ಎಳೆ, ಬಾರ್ಲಿ ನೆಲ.

ಬಾಟಲಿ ಇಡುವ ಬಗೆ

ವೈನ್ ಬಾಟಲಿಯನ್ನು ಮಲಗಿಸಿಡುತ್ತಾರೆ, ವಿಸ್ಕಿಯನ್ನು ನಿಲ್ಲಿಸಿಡಬೇಕು. ಬಲವಾದ ಮದ್ಯ ತಾಗಿದರೆ ಬೂಚು ಕೆಡುತ್ತದೆ. ಬಿಸಿಲು ಬೀಳದ, ಒಲೆಯಿಂದ ದೂರದ, ಮಕ್ಕಳ ಕೈಗೆಟುಕದ ಕಪಾಟಿನ ಕೆಳಗಿನ ಅರೆ ಒಳ್ಳೆಯದು. ಅರ್ಧಕ್ಕಿಂತ ಕಡಿಮೆಯಾದ ಮೇಲೆ ಒಳಗಿನ ಗಾಳಿಯಿಂದ ಹಣ್ಣಿನ ಪರಿಮಳ ತಿಂಗಳು ತಿಂಗಳಿಗೆ ಮಾಸುತ್ತದೆ. ಸಣ್ಣ ಗಾಜಿನ ಬಾಟಲಿಗೆ ಸುರಿದು ಬಿಗಿಯಾಗಿ ಮುಚ್ಚಿಟ್ಟರೆ ಇನ್ನಷ್ಟು ಕಾಲ ಉಳಿಯುತ್ತದೆ.

ಮಿತಿ

ಶೇ 42.8ರ ಒಂದು ಕ್ವಾರ್ಟರಿನಲ್ಲಿ, ಅಂದರೆ 180 ಮಿ.ಲೀ.ನಲ್ಲಿ, ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಇಲ್ಲಿ ಹೇಳಿದ 15 ಮಿ.ಲೀ.ನಲ್ಲಿ, ಬಲ ಶೇ 46 ಇದ್ದರೂ, ಐದೂವರೆ ಗ್ರಾಂ ಕೂಡ ಇಲ್ಲ. ಹಾಗೆಂದು ಇದು ಆರೋಗ್ಯಕ್ಕೆ ಒಳ್ಳೆಯದೆಂದು ತಿಳಿಯಬೇಡಿ. ಆರೋಗ್ಯದ ದೃಷ್ಟಿಯಿಂದ ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರು, ಪಿತ್ತಜನಕಾಂಗದ ತೊಂದರೆ ಇರುವವರು, ಸಕ್ಕರೆ ಕಾಯಿಲೆ, ನಿದ್ದೆ ಅಥವಾ ಮನೋರೋಗದ ಮಾತ್ರೆ ನುಂಗುವವರು ಇದರಿಂದ ದೂರ ಇರಬೇಕು. ಸವಿದ ಮೇಲೆ ಬೈಕ್ ಮುಟ್ಟಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಿಡಲಾಗದ ಚಟವಾಗಿದೆ ಅನಿಸಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಒಗರು ಇಳಿದ ಮೇಲೆ ಬಾರ್ಲಿಯ ಸಿಹಿ ಮರಳಿ ಬಂದರೆ ಅದು ಒಳ್ಳೆಯ ವಿಸ್ಕಿ, ಬರದಿದ್ದರೆ ಬೆಲೆ ಎಷ್ಟೇ ಇರಲಿ ಅಲ್ಲ. ಅಷ್ಟು ತಿಳಿಯಲು 15 ಮಿ.ಲೀ. ಸಾಕು. ತಿಳಿದ ಮೇಲೆ ಬಾಟಲಿ ಮುಚ್ಚಿಟ್ಟು ಊಟಕ್ಕೆ ಏಳಿ.